ಟನ್ನಿಗೆ ಇಷ್ಟು, ಸಾವಿರಕ್ಕೆ ಇಷ್ಟು

ಚಿಕ್ಕೋಡಿ ತಾಲೂಕಿನ ಅಂಕಲಿಯ ಸುತ್ತಮುತ್ತ ದುಡಿಯುವವರನ್ನು ‘ಪಗಾರ ಎಷ್ಟು?’ ಎಂದು ಕೇಳಿದರೆ ತಿಂಗಳ ಲೆಕ್ಕ ಹೇಳುವವರು ಕಡಿಮೆ. ಕಬ್ಬು ಕಡಿಯುವವರು ಟನ್ನಿಗೆ ಇಷ್ಟು ಎನ್ನುತ್ತಾರೆ. ಬೀಡಿ ಕಟ್ಟುವವರು ಸಾವಿರಕ್ಕೆ ಇಷ್ಟು ಎನ್ನುತ್ತಾರೆ. ಟ್ರ್ಯಾಕ್ಟರ್ ಓಡಿಸುವವರದು ಟ್ರಿಪ್ಪಿನ ಲೆಕ್ಕ. ಸಕ್ಕರೆ ಕಾರ್ಖಾನೆಯ ಕಾಯಂ ನೌಕರರು ಮಾತ್ರ ತಿಂಗಳ ಪಗಾರ ಹೇಳಿ, ಅದರ ಬೆನ್ನಿಗೇ ಈ ವರ್ಷ ಬೋನಸ್ ಎಷ್ಟು ಪರ್ಸೆಂಟ್ ಎಂಬುದನ್ನೂ ಸೇರಿಸುತ್ತಾರೆ.

ಈ ಲೇಖಕ ಬೆಳೆದದ್ದು ಈ ಲೆಕ್ಕಗಳ ನಡುವೆಯೇ. ಅವನ ಕಾಕಾ ಕೃಷ್ಣಾ ತೀರದ ಒಂದು ಸಕ್ಕರೆ ಕಾರ್ಖಾನೆಯ ಮಿಲ್ ಹೌಸಿನಲ್ಲಿದ್ದರು. ಮಾವಶಿ ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಮುಂದೆ ಅವನೂ ಒಂದು ಕಾರ್ಖಾನೆಯ ಟೈಮ್ ಆಫೀಸು ಸೇರಿ ಹಾಜರಿ ಪುಸ್ತಕ, ಓವರ್‌ಟೈಮ್ ಚೀಟಿ, ಬೋನಸ್ ಪಟ್ಟಿ ಬರೆಯುತ್ತ ವಯಸ್ಸು ಕಳೆದ. ಹಣದ ಆಸೆ ತೋರಿಸಿದರೆ ಕೆಲಸ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಅವನು ಕಂಡ ಉತ್ತರ ಸ್ಪಷ್ಟವಾಗಿದೆ: ಹೆಚ್ಚುತ್ತದೆ. ಆದರೆ ತೂಗಿ ಎಣಿಸಿದ ಕೆಲಸ ಮಾತ್ರ ಹೆಚ್ಚುತ್ತದೆ. ತೂಗದೆ ಬಿಟ್ಟದ್ದರ ನಷ್ಟ ಯಾರದೋ ತಲೆಯ ಮೇಲೆ ಬೀಳುತ್ತದೆ. ಯಾರ ತಲೆಯ ಮೇಲೆ ಎಂಬುದನ್ನು ತೀರ್ಮಾನಿಸುವುದು ತಕ್ಕಡಿ ಯಾರ ಕೈಯಲ್ಲಿದೆ ಎಂಬ ಸಂಗತಿ.

ಮೊದಲು ನಿಪ್ಪಾಣಿಯ ಕತೆ. ನಿಪ್ಪಾಣಿ ಸೀಮೆಯ ಕಪ್ಪು ಮಣ್ಣಿನಲ್ಲಿ ಬೆಳೆಯುವ ತಂಬಾಕು ಬೀಡಿಗೆ ಹೆಸರಾದದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು ಅಲ್ಲಿಯೇ ಇದೆ. ಊರಿನ ತುಂಬ ತಂಬಾಕಿನ ವಖಾರಗಳು. ಘಾಟು ಮೂಗಿಗೇರುವ ಆ ವಖಾರಗಳಲ್ಲಿ ಹೆಣ್ಣುಮಕ್ಕಳು ತಂಬಾಕು ಕುಟ್ಟಿ, ಸೋಸಿ, ಆರಿಸುತ್ತಿದ್ದರು. ಉಳಿದವರು ಮನೆಯ ಬಾಗಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ ನೆನೆಸುವುದು, ತಗಡಿನ ಅಚ್ಚು ಇಟ್ಟು ಕತ್ತರಿಸುವುದು, ತಂಬಾಕು ತುಂಬಿ ಸುತ್ತುವುದು, ತುದಿ ಮಡಚಿ ದಾರ ಕಟ್ಟುವುದು, ಎಣಿಸಿ ಕಟ್ಟು ಮಾಡುವುದು. ಕೂಲಿ ಸಿಗುವುದು ಮಾತ್ರ ಸಾವಿರ ಬೀಡಿಗೆ. ಎಲೆ ನೆನೆಸಿ ಕತ್ತರಿಸುವ ಹೊತ್ತಿಗೆ ಬೇರೆ ಕೂಲಿಯಿಲ್ಲ.

ಮಾವಶಿಯ ಕೈ ಎಷ್ಟು ಚುರುಕೆಂದರೆ, ಮಾತಾಡುತ್ತ, ಕೂಸಿಗೆ ಗದರುತ್ತ, ಒಲೆಯ ಕಡೆ ಕಣ್ಣಿಟ್ಟುಕೊಂಡೇ ಬೆರಳು ಓಡುತ್ತಿತ್ತು. ತುಂಡು ಕೂಲಿಯಿಂದ ಕೆಲಸದ ವೇಗ ಹೆಚ್ಚುತ್ತದೆ ಎಂಬುದಕ್ಕೆ ಈ ಲೇಖಕನಿಗೆ ಬೇರೆ ಪುರಾವೆ ಬೇಕಾಗಿರಲಿಲ್ಲ. ಆದರೆ ಸಂಜೆ ಕಂಪನಿಯ ಠೇಕೇದಾರನ ಮುಂದೆ ಬೀಡಿ ಸುರಿದಾಗ ಬೇರೊಂದು ಲೆಕ್ಕ ಶುರುವಾಗುತ್ತಿತ್ತು. ಅವನು ಕಟ್ಟು ಎತ್ತಿ ನೋಡಿ, ಒಂದಷ್ಟನ್ನು ‘ಛಾಟ್’ ಎಂದು ಬದಿಗೆ ಎಸೆಯುತ್ತಿದ್ದ. ಛಾಟ್ ಎಂದರೆ ತಿರಸ್ಕೃತ ಮಾಲು. ಅದಕ್ಕೆ ಕೂಲಿಯಿಲ್ಲ, ಬೀಡಿ ವಾಪಸ್ಸೂ ಇಲ್ಲ.

‘ಎಲಿ ಅವನ ಕೊಟ್ಟಿದ್ದು, ತಂಬಾಕನೂ ಅವನ ಕೊಟ್ಟಿದ್ದು. ಎಲಿ ತೂತು ಬಿದ್ದಿದ್ರ ಛಾಟ್ ಮಾತ್ರ ನಮ್ಮ ಹಣೇಬರಾ ಏನು?’ ಎಂದು ಮಾವಶಿ ದಾರಿಯುದ್ದಕ್ಕೂ ಗೊಣಗುತ್ತಿದ್ದಳು. ಕೊಟ್ಟ ಎಲೆ ಸಾಲದೆ ಸಾವಿರ ತುಂಬದಿದ್ದರೆ ಕೈಯಿಂದ ದುಡ್ಡು ಹಾಕಿ ಎಲೆ ಕೊಳ್ಳಬೇಕಾಗುತ್ತಿತ್ತು.

ಆ ಗೊಣಗಾಟ ಕಾನೂನಿನ ಪುಸ್ತಕದಲ್ಲೂ ಇದೆ ಎಂದು ಈ ಲೇಖಕನಿಗೆ ತಿಳಿದದ್ದು ಟೈಮ್ ಆಫೀಸು ಸೇರಿದ ಮೇಲೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯ 39ನೇ ಕಲಂ ಮೂರು ಬಗೆಯ ತಂಟೆಗಳನ್ನು ಹೆಸರಿಸಿ ಹೇಳಿತ್ತು: ಮಾಲೀಕ ಕೊಡುವ ಕಚ್ಚಾ ಮಾಲಿನ ಬಗ್ಗೆ, ಬೀಡಿ ತಿರಸ್ಕರಿಸುವ ಬಗ್ಗೆ, ತಿರಸ್ಕರಿಸಿದ ಬೀಡಿಯ ಕೂಲಿಯ ಬಗ್ಗೆ. ಇವನ್ನು ಬಗೆಹರಿಸಲು ಸರ್ಕಾರ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಬೇಕೆಂದಿತ್ತು. ದಿಲ್ಲಿಯಲ್ಲಿ ಕಾನೂನು ಬರೆದವರಿಗೂ ಛಾಟ್ ಎಂಬ ಸಂಕಟ ಗೊತ್ತಿತ್ತು. ಹತ್ತು ವರ್ಷದ ನಂತರ, 1976ರಲ್ಲಿ, ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯಿದೆ ಬಂತು. ಆಸ್ಪತ್ರೆ, ಮನೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಒಂದು ದಾರಿಯಾಯಿತು.

ಕಾನೂನಿನಷ್ಟೇ ದೊಡ್ಡ ಬದಲಾವಣೆ ತಂದದ್ದು ಬೀದಿಗಿಳಿದ ಹೋರಾಟ. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ನಿಪ್ಪಾಣಿಯಲ್ಲಿ ಹೆದ್ದಾರಿ ತಡೆದು ಕುಳಿತರು. ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಅದೇ ಕಾಲಕ್ಕೆ ವಖಾರಗಳ ಹೆಣ್ಣುಮಕ್ಕಳೂ ಸಂಘ ಕಟ್ಟಿ ಕೂಲಿಗಾಗಿ, ಗೌರವಕ್ಕಾಗಿ ನಿಂತರು. ಯುಗಾಂತರ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ಅವರ ಹೋರಾಟದ ಮೇಲೆ ಸಾಕ್ಷ್ಯಚಿತ್ರ ಮಾಡಿತು. ಗೋಣಿಚೀಲ, ದೂಳು, ಕೆಮ್ಮಿನ ನಡುವೆ ದುಡಿಯುವ ಆ ಹೆಣ್ಣುಮಕ್ಕಳು ಅದರಲ್ಲಿ ತಮ್ಮ ಮಾತನ್ನು ತಾವೇ ಆಡುತ್ತಾರೆ.

ಈಗ ನಿಪ್ಪಾಣಿಯಿಂದ ಬಹುದೂರದ ಒಂದು ಉದಾಹರಣೆ. ಅಮೆರಿಕದ ಸೇಫ್‌ಲೈಟ್ ಎಂಬ ಕಂಪನಿ ಕಾರುಗಳ ಒಡೆದ ಮುಂದಿನ ಗಾಜು ಬದಲಿಸುವ ಕೆಲಸ ಮಾಡುತ್ತದೆ. 1994–95ರಲ್ಲಿ ಅದು ತಾಸಿನ ಕೂಲಿ ಬಿಟ್ಟು ಗಾಜಿಗೆ ಇಷ್ಟು ಎಂಬ ಪದ್ಧತಿಗೆ ಬಂತು. ಎಡ್ವರ್ಡ್ ಲೇಜಿಯರ್ ಎಂಬ ಅರ್ಥಶಾಸ್ತ್ರಜ್ಞ ಕಂಪನಿಯ ದಾಖಲೆಗಳನ್ನೆಲ್ಲ ಪರಿಶೀಲಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ತಲಾ ಕೆಲಸ ಶೇ 44ರಷ್ಟು ಏರಿತ್ತು. ಅದರಲ್ಲಿ ಸುಮಾರು ಅರ್ಧ, ಇದ್ದ ಕೆಲಸಗಾರರೇ ಹೆಚ್ಚು ದುಡಿದದ್ದರಿಂದ ಬಂದದ್ದು. ಉಳಿದದ್ದು ಚುರುಕಿನವರು ಬಂದು ಸೇರಿ, ಅಲ್ಲೇ ನೆಲೆನಿಂತದ್ದರಿಂದ. ನೌಕರರ ಗಳಿಕೆ ಶೇ 10ರಷ್ಟು ಹೆಚ್ಚಿತ್ತು. ಮ್ಯಾನೇಜ್‌ಮೆಂಟ್ ಓದುವ ಹುಡುಗರಿಗೆ ಇಂದಿಗೂ ಕಲಿಸುವ ಪಾಠ ಇದು.

ಆ ಪಾಠದ ಜತೆಗಿರುವ ಎರಡು ಸಂಗತಿಗಳನ್ನು ಮಾತ್ರ ಹೆಚ್ಚು ಜನ ಹೇಳುವುದಿಲ್ಲ. ಸೇಫ್‌ಲೈಟ್‌ನಲ್ಲಿ ಗಾಜಿನ ಲೆಕ್ಕ ಕಡಿಮೆಯಾದ ವಾರವೂ ಇಷ್ಟು ಕೂಲಿ ಖಾತ್ರಿ ಎಂಬ ಕನಿಷ್ಠ ಮಿತಿಯಿತ್ತು. ಇನ್ನೊಂದು, ಕೂರಿಸಿದ ಗಾಜು ಕೆಟ್ಟರೆ ಕೂರಿಸಿದವನೇ ತನ್ನ ಹೊತ್ತಿನಲ್ಲಿ ಸರಿಮಾಡಿಕೊಡಬೇಕಿತ್ತು. ಅಂದರೆ ಅಲ್ಲೂ ಒಂದು ಬಗೆಯ ಛಾಟ್ ಇತ್ತು. ಆದರೆ ಗಾಜು ಕೆಟ್ಟಿದೆ ಎಂದು ಹೇಳುತ್ತಿದ್ದವನು ಗಿರಾಕಿ. ನಿಪ್ಪಾಣಿಯಲ್ಲಿ ಬೀಡಿ ಕೆಟ್ಟಿದೆ ಎಂದು ಹೇಳುತ್ತಿದ್ದವನು ಅದನ್ನು ಬಿಟ್ಟಿಯಾಗಿ ಇಟ್ಟುಕೊಳ್ಳುವವನೇ. ತುಂಡು ಕೂಲಿ ಒಂದೇ ಆದರೂ ಒಂದು ಕಡೆ ಅದು ದುಡಿಮೆಗೆ ಹುರುಪು ಕೊಟ್ಟಿತು, ಇನ್ನೊಂದು ಕಡೆ ದುಡಿಮೆಯನ್ನು ಕಿತ್ತುಕೊಂಡಿತು. ವ್ಯತ್ಯಾಸವಿರುವುದು ಇಲ್ಲಿ.

ಕೃಷ್ಣೆಯ ಈ ಸೀಮೆಯನ್ನು ನಡೆಸುವುದು ಕಬ್ಬು. ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್ 1939ರಲ್ಲಿ ಸ್ಥಾಪನೆಯಾದದ್ದು. ಆಮೇಲೆ ಸಹಕಾರಿ ಕಾರ್ಖಾನೆಗಳು ಬಂದವು: ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ಸಂಕೇಶ್ವರದ ಹಿರಣ್ಯಕೇಶಿ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ. ದೂಧಗಂಗಾ ಕೃಷ್ಣಾ ಕಾರ್ಖಾನೆಗೆ ಮುಂದೆ ಅಂಕಲಿಯ ಚಿದಾನಂದ ಬಸಪ್ರಭು ಕೋರೆಯವರ ಹೆಸರಾಯಿತು. ದೀಪಾವಳಿ ಮುಗಿದು ಹಂಗಾಮು ಶುರುವಾದರೆ ಟ್ರ್ಯಾಕ್ಟರು, ಎತ್ತಿನಗಾಡಿ, ಲಾರಿಗಳ ಸಾಲು ರಸ್ತೆಯನ್ನು ನುಂಗುತ್ತದೆ. ಊರಾಚೆ ಕಬ್ಬು ಕಡಿಯುವವರ ಗುಡಿಸಲುಗಳು ಏಳುತ್ತವೆ.

ಬೀಡ್‌ನಿಂದ, ವಿಜಯಪುರದ ಬರಗಾಲದ ಹಳ್ಳಿಗಳಿಂದ ಬರುವ ಈ ಟೋಳಿಗಳಲ್ಲಿ ಲೆಕ್ಕ ಗಂಡ–ಹೆಂಡಿರ ಜೋಡಿಯದು. ಟೋಳಿ ಕರೆತರುವ ಮುಕಾದಮ ಹಂಗಾಮಿಗೆ ಮೊದಲೇ ಉಚಲ, ಅಂದರೆ ಮುಂಗಡ, ಕೊಟ್ಟಿರುತ್ತಾನೆ. ಕಡಿದ ಟನ್ನಿನ ಕೂಲಿಯಲ್ಲಿ ಅದು ಮುರಿಯಬೇಕು. ನಸುಕಿನ ನಾಲ್ಕಕ್ಕೆ ಕೊಯ್ತಾ ಹಿಡಿದರೆ ಗಾಡಿ ತುಂಬುವ ತನಕ ಬಿಡುವಿಲ್ಲ. ಒಂದು ದಿನ ತಪ್ಪಿದರೆ ‘ಖಾಡಾ’: ಆ ದಿನದ ಕೂಲಿಯೂ ಇಲ್ಲ, ಮೇಲೆ ದಂಡ.

ಟನ್ನಿನ ಕೂಲಿ ಏನನ್ನು ತೂಗುತ್ತದೆ, ಏನನ್ನು ತೂಗುವುದಿಲ್ಲ ಎಂಬುದನ್ನು ಗದ್ದೆಯಲ್ಲಿ ನಿಂತು ನೋಡಬೇಕು. ಕಬ್ಬಿನಲ್ಲಿ ಅತಿ ಹೆಚ್ಚು ಸಕ್ಕರೆ ಇರುವುದು ಬುಡದಲ್ಲಿ. ನೆಲಕ್ಕೆ ತಾಗಿಸಿ ಕಡಿದರೆ ರೈತನಿಗೆ ತೂಕ, ಕಾರ್ಖಾನೆಗೆ ಸಕ್ಕರೆ, ಮುಂದಿನ ಕುಳೆ ಬೆಳೆಗೂ ಒಳ್ಳೆಯದು. ಆದರೆ ಅಷ್ಟು ಬಗ್ಗಿ ಕಡಿಯಲು ಸೊಂಟ ಬೇಕು, ಹೊತ್ತು ಬೇಕು. ನಾಲ್ಕು ಬೆರಳು ಮೇಲೆ ಕಡಿದರೆ ಕೆಲಸ ಬೇಗ ಸಾಗುತ್ತದೆ. ರವದಿ ಎಂಬ ಒಣ ಎಲೆ ಸುಲಿಯದೆ, ಎಳೆಯ ತುದಿ ಬಿಡಿಸದೆ ಕಟ್ಟಿದರೆ ಹೊರೆ ಬೇಗ ಆಗುತ್ತದೆ. ಗದ್ದೆಗೆ ಬೆಂಕಿ ಹಚ್ಚಿದರಂತೂ ರವದಿ ಸುಲಿಯುವ ಕೆಲಸವೇ ಇಲ್ಲ. ಹೀಗೆ ಸುಟ್ಟ ಕಬ್ಬು ಕಾರ್ಖಾನೆಗೆ ಬಂದಾಗ ಕಡಿತ ಬೀಳುವುದು ರೈತನ ಬಿಲ್ಲಿಗೆ.

ಕಡಿಯುವವರನ್ನು ಇದಕ್ಕೆ ದೂರುವುದು ಸುಲಭ. ದೂರುವವರನ್ನು ಈ ಲೇಖಕ ಸಾಕಷ್ಟು ಕಂಡಿದ್ದಾನೆ. ಆದರೆ ಚೊಕ್ಕವಾಗಿ ಕಡಿದದ್ದಕ್ಕೆ ಅವರಿಗೆ ಯಾರೂ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ. ಹೆಚ್ಚು ಹಣ ಅವರ ಕೈಗೆ ಬರುವುದು ‘ಲಗಾಣಿ’ ಅಥವಾ ‘ಖುಷಾಲಿ’ ರೂಪದಲ್ಲಿ. ಕಬ್ಬು ಒಣಗುತ್ತಿದೆ, ಬೇಗ ಕಡಿಸಬೇಕು ಎಂಬ ರೈತನ ಆತಂಕಕ್ಕೆ ಕಟ್ಟಿದ ಬೆಲೆ ಅದು. ಅದಕ್ಕೂ ಕೆಲಸದ ಗುಣಕ್ಕೂ ಸಂಬಂಧವಿಲ್ಲ.

ರೈತನ ಬೆಲೆಯ ಲೆಕ್ಕದಲ್ಲೂ ಇಂಥದೇ ಒಂದು ಗಂಟಿದೆ. ಕಬ್ಬಿಗೆ ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ ರಿಕವರಿಗೆ, ಅಂದರೆ ಕಬ್ಬಿನಿಂದ ಎಷ್ಟು ಸಕ್ಕರೆ ಇಳಿಯಿತು ಎಂಬುದಕ್ಕೆ, ತಳುಕು ಹಾಕಿಕೊಂಡಿದೆ. 2025–26ರ ಹಂಗಾಮಿಗೆ ಶೇ 10.25 ರಿಕವರಿಗೆ ಕ್ವಿಂಟಲ್ಲಿಗೆ 355 ರೂಪಾಯಿ. ಅದಕ್ಕಿಂತ ಹೆಚ್ಚುವ ಪ್ರತಿ ಶೇ 0.1ಕ್ಕೆ 3.46 ರೂಪಾಯಿ ಹೆಚ್ಚು. ಕಾಗದದ ಮೇಲೆ ಇದು ಸಿಹಿ ಕಬ್ಬು ಬೆಳೆದವನಿಗೆ ಬಹುಮಾನದಂತೆ ಕಾಣುತ್ತದೆ. ಆದರೆ ಲೆಕ್ಕಕ್ಕೆ ಹಿಡಿಯುವುದು ಇಡೀ ಕಾರ್ಖಾನೆಯ ಸರಾಸರಿ ರಿಕವರಿಯನ್ನು. ಒಬ್ಬ ರೈತ ಅವಧಿ ನೋಡಿ, ನೀರು ಹಿಡಿದು, ಒಳ್ಳೆಯ ತಳಿ ಹಾಕಿ ಸಿಹಿ ಕಬ್ಬು ಬೆಳೆದರೂ ಅವನಿಗೂ ಪಕ್ಕದ ಗದ್ದೆಯವನಿಗೂ ಟನ್ನಿನ ದರ ಒಂದೇ. ಹಾಗಾದಾಗ ರೈತ ಒಲಿಯುವುದು ತೂಕಕ್ಕೆ. 265 ಎಂದು ಎಲ್ಲರೂ ಕರೆಯುವ ಹೆಚ್ಚು ತೂಕದ ತಳಿ ಹಬ್ಬಿದ್ದೂ, ರಿಕವರಿ ಕಡಿಮೆ ಎಂದು ಕಾರ್ಖಾನೆಗಳು ಅದಕ್ಕೆ ಮುಖ ಸಿಂಡರಿಸಿದ್ದೂ ಇದರಿಂದಲೇ.

ಕಾರ್ಖಾನೆಯ ಒಳಗಿನ ನೆನಪು ಇನ್ನೂ ಹತ್ತಿರದ್ದು. ಈ ಲೇಖಕ ಕೆಲಸ ಮಾಡುತ್ತಿದ್ದ ಕಾರ್ಖಾನೆಯೊಂದರಲ್ಲಿ ಒಂದು ಹಂಗಾಮಿನಲ್ಲಿ ಶಿಫ್ಟುಗಳ ನಡುವೆ ಪೈಪೋಟಿ ಇಟ್ಟರು. ಹೆಚ್ಚು ಟನ್ ಅರೆದ ಶಿಫ್ಟಿಗೆ ನಗದು ಇನಾಮು. ಮೊದಲ ವಾರದಲ್ಲೇ ಇಡೀ ಕಾರ್ಖಾನೆಯ ನಡೆ ಬದಲಾಯಿತು. ಭೋಂಗಾ ಆಗುವ ಮೊದಲೇ ಜನ ಗೇಟಿನಲ್ಲಿರುತ್ತಿದ್ದರು. ಕೇನ್ ಯಾರ್ಡಿನ ಕ್ರೇನು ನಿಲ್ಲುತ್ತಿರಲಿಲ್ಲ. ಟೀ ಕುಡಿಯಲು ಹೋದವರು ಅರ್ಧ ಕಪ್ಪಿಗೇ ಎದ್ದು ಬರುತ್ತಿದ್ದರು. ಬೋರ್ಡಿನ ಮೇಲೆ ಟನ್ನುಗಳ ಅಂಕಿ ದಿನದಿನಕ್ಕೆ ಏರಿತು. ಆಡಳಿತದವರ ಮುಖದಲ್ಲಿ ಸಂತೋಷ.

ಕಾಕಾ ಮಾತ್ರ ಖುಷಿಪಡಲಿಲ್ಲ. ‘ಗಾಣದಾಗ ಕಬ್ಬು ಹಿಂಗ ತುರುಕಿದ್ರ ರಸ ಬಗ್ಯಾಸಿನ ಕೂಡ ಹೋಗತೈತಿ ತಮ್ಮಾ. ಲ್ಯಾಬಿಗೆ ಹೋಗಿ ಕೇಳು’ ಎಂದರು. ಮಿಲ್ ಹೌಸಿನಲ್ಲಿ ಗಾಣಗಳು ಸಾಲಾಗಿರುತ್ತವೆ. ಕೊನೆಯ ಗಾಣಗಳ ಮುಂದೆ ಸಿಪ್ಪೆಗೆ ನೀರು ಬಿಟ್ಟು, ಉಳಿದ ಸಿಹಿಯನ್ನೂ ತೊಳೆದು ಹಿಂಡುತ್ತಾರೆ. ಅಳತೆ ಮೀರಿ ಕಬ್ಬು ತುಂಬಿದರೆ ಸಿಪ್ಪೆಯ ಪದರ ದಪ್ಪವಾಗುತ್ತದೆ. ನೀರು ಬಿಟ್ಟರೆ ಸಿಪ್ಪೆ ಹಸಿಯಾಗಿ ಬಾಯ್ಲರು ಉರಿಯುವುದಿಲ್ಲವೆಂದು ನೀರನ್ನೂ ಕಡಿಮೆ ಮಾಡುತ್ತಾರೆ. ಸಕ್ಕರೆ ಬಗ್ಯಾಸಿನ, ಅಂದರೆ ಹಿಂಡಿದ ಸಿಪ್ಪೆಯ, ಜತೆ ಬಾಯ್ಲರಿಗೆ ಹೋಗಿ ಸುಡುತ್ತದೆ. ಲ್ಯಾಬಿನ ಕೆಮಿಸ್ಟರ ಪುಸ್ತಕದಲ್ಲಿ ಬಗ್ಯಾಸಿನ ಸಕ್ಕರೆಯ ಅಂಕಿಯೂ ಟನ್ನಿನ ಜತೆಜತೆಗೇ ಏರಿತ್ತು. ಮಶಿನ್ನುಗಳ ಎಣ್ಣೆ, ಸ್ವಚ್ಛತೆ ನೋಡಿಕೊಳ್ಳುವ ಕೆಲಸವನ್ನು ಪ್ರತಿ ಶಿಫ್ಟೂ ಮುಂದಿನ ಶಿಫ್ಟಿಗೆ ದಾಟಿಸತೊಡಗಿತು. ಅದಕ್ಕೆ ಇನಾಮು ಇರಲಿಲ್ಲವಲ್ಲ. ಕೊನೆಗೆ ಒಂದು ರಾತ್ರಿ ಗಾಣ ನಿಂತಿತು. ಗೇಟಿನ ಹೊರಗೆ ಗಾಡಿಗಳ ಸಾಲು ಬೆಳೆಯಿತು. ಕಡಿದ ಕಬ್ಬು ಒಣಗಿದಷ್ಟೂ ಸಕ್ಕರೆ ಕರಗುತ್ತದೆ.

ಮುಂದಿನ ಹಂಗಾಮಿಗೆ ಇನಾಮಿನ ನಿಯಮ ಬದಲಾಯಿತು. ಟನ್ನಿನ ಜತೆಗೆ ಬಗ್ಯಾಸಿನ ಸಕ್ಕರೆ ಎಷ್ಟು, ಗಾಣ ಎಷ್ಟು ತಾಸು ನಿಂತಿತು ಎಂಬುದನ್ನೂ ಸೇರಿಸಿದರು. ಒಂದು ಶಿಫ್ಟಿಗೆ ಬದಲು ಇಡೀ ಇಪ್ಪತ್ನಾಲ್ಕು ತಾಸಿಗೆ ಲೆಕ್ಕ ಹಿಡಿದು, ಇನಾಮನ್ನು ಮೂರೂ ಶಿಫ್ಟಿಗೆ ಹಂಚಿದರು. ಬೋರ್ಡಿನ ಮೇಲಿನ ಟನ್ನಿನ ಅಂಕಿ ಸ್ವಲ್ಪ ಇಳಿಯಿತು. ಆದರೆ ಒಬ್ಬರು ಇನ್ನೊಬ್ಬರಿಗೆ ಕೆಲಸ ದಾಟಿಸುವ ಚಾಳಿ ನಿಂತಿತು.

ಇದು ಒಂದು ಊರಿನ, ಒಂದು ಉದ್ಯಮದ ಕಾಯಿಲೆಯಲ್ಲ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಪ್ರತಿ ಗ್ರಾಹಕನಿಗೂ ಹೆಚ್ಚು ಹೆಚ್ಚು ಖಾತೆ ಮಾರಬೇಕೆಂದು ಸಿಬ್ಬಂದಿಗೆ ಗುರಿ ಕೊಟ್ಟು, ಪಗಾರವನ್ನೂ ಅದಕ್ಕೆ ಜೋಡಿಸಿತ್ತು. ಸಿಬ್ಬಂದಿ ಗ್ರಾಹಕರಿಗೆ ಗೊತ್ತೇ ಆಗದಂತೆ ಲಕ್ಷಾಂತರ ಖಾತೆ ತೆರೆದರು. 2016ರಲ್ಲಿ ಅದು ಬಯಲಾದಾಗ ಬ್ಯಾಂಕು ಸುಮಾರು 5,300 ಜನರನ್ನು ಕೆಲಸದಿಂದ ತೆಗೆದಿತ್ತು.

ಸರಿಯಾಗಿ ಜೋಡಿಸಿದ ಪ್ರೋತ್ಸಾಹಧನ ಫಲ ಕೊಟ್ಟ ಉದಾಹರಣೆಯೂ ನಮ್ಮ ನೆರೆಯಲ್ಲೇ ಇದೆ. 2005ರಿಂದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವಿಭಜಿತ ಆಂಧ್ರಪ್ರದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಮಕ್ಕಳ ಕಲಿಕೆ ಹಿಂದಿನ ವರ್ಷಕ್ಕಿಂತ ಎಷ್ಟು ಸುಧಾರಿಸಿತು ಎಂಬುದನ್ನು ನೋಡಿ ಶಿಕ್ಷಕರಿಗೆ ಬೋನಸ್. ಮೊತ್ತ ಸರಾಸರಿ ವಾರ್ಷಿಕ ಸಂಬಳದ ಶೇ 3ರಷ್ಟು ಮಾತ್ರ. ಎರಡು ವರ್ಷದಲ್ಲಿ ಗಣಿತ ಮತ್ತು ಭಾಷೆಯಲ್ಲಿ ಆ ಶಾಲೆಗಳ ಮಕ್ಕಳು ಉಳಿದವರಿಗಿಂತ ಮುಂದಿದ್ದರು. ಬೋನಸ್ಸಿಗೆ ಸೇರದ ವಿಜ್ಞಾನ, ಸಮಾಜ ವಿಷಯಗಳಲ್ಲೂ ಮುಂದಿದ್ದರು. ಅಲ್ಲಿ ಪರೀಕ್ಷೆ ನಡೆಸಿ ಅಂಕ ಕೊಟ್ಟವರು ಆ ಶಿಕ್ಷಕರಲ್ಲ, ಹೊರಗಿನವರು. ಅಳೆದದ್ದು ಮಕ್ಕಳ ಸುಧಾರಣೆಯನ್ನು. ಹೀಗಾಗಿ ಹಿಂದುಳಿದ ಮಕ್ಕಳಿರುವ ಶಾಲೆಯ ಶಿಕ್ಷಕನಿಗೂ ಆಸೆಗೆ ಜಾಗವಿತ್ತು.

ನಮ್ಮ ಕೆಂಪು ಬಸ್ಸುಗಳ ಡ್ರೈವರುಗಳ ವಿಷಯದಲ್ಲೂ ಇಂಥ ಒಂದು ವಿವೇಕವಿದೆ. ಡಿಪೋಗಳಲ್ಲಿ ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ಓಡಿಸಿದರು ಎಂಬ ಕೆಎಂಪಿಎಲ್ ಲೆಕ್ಕ ಇಡುತ್ತಾರೆ. ಅಷ್ಟರ ಮೇಲೆಯೇ ಎಲ್ಲವನ್ನೂ ತೀರ್ಮಾನಿಸಿದ್ದರೆ ಹಳೆಯ ಗಾಡಿ ಸಿಕ್ಕವನ ಪಾಡು ಕಷ್ಟವಿತ್ತು. ಸಾರಿಗೆ ನಿಗಮಗಳು ಜತೆಗೆ ಅಪಘಾತವಿಲ್ಲದೆ ಐದು ವರ್ಷ ಓಡಿಸಿದವರಿಗೆ ಬೆಳ್ಳಿ ಪದಕ, ಹದಿನೈದು ವರ್ಷ ಓಡಿಸಿದವರಿಗೆ ಚಿನ್ನದ ಪದಕ ಕೊಡುತ್ತವೆ. ಪದಕ ಎದೆಗೆ ಚುಚ್ಚಿಕೊಂಡ ಡ್ರೈವರ್ ಬಸ್‌ಸ್ಟ್ಯಾಂಡಿನಲ್ಲಿ ನಡೆದು ಹೋಗುವ ಗತ್ತನ್ನು ನೋಡಿದವರಿಗೆ, ಮನುಷ್ಯ ದುಡ್ಡಿಗಷ್ಟೇ ದುಡಿಯುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅಂಕಲಿಯವರಿಗಂತೂ ಇದು ಹೊಸ ಮಾತಲ್ಲ. ಪ್ರತಿ ವರ್ಷ ಆಷಾಢದ ಪಂಢರಪುರ ವಾರಿಗೆ, ಆಳಂದಿಯ ಜ್ಞಾನೇಶ್ವರ ಪಾಲಖಿಯ ಮುಂದೆ ನಡೆಯುವ ಕುದುರೆಗಳು ಅಂಕಲಿಯ ಶಿತೋಳೆ ಸರಕಾರರ ವಾಡೆಯಿಂದ ಹೊರಡುತ್ತವೆ. ಅವುಗಳ ಜತೆ ಆಳಂದಿಯವರೆಗೆ ನಡೆದು ಹೋಗುವ ಸೇವೆಯನ್ನು ಯಾರೂ ಕೂಲಿಯಲ್ಲಿ ಎಣಿಸಿದ್ದಿಲ್ಲ. ಬೆಳಗಾವಿಯಲ್ಲಿ 1916ರ ನವೆಂಬರ್ 13ರಂದು ಕೆಎಲ್‌ಇ ಸಂಸ್ಥೆ ಹುಟ್ಟಿದ್ದೂ ಏಳು ಜನ ಶಿಕ್ಷಕರ ತ್ಯಾಗದಿಂದ. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯಂತೆ ಅವರು ಆಜೀವ ಸದಸ್ಯರಾಗಿ, ಕಡಿಮೆ ಸಂಬಳಕ್ಕೆ ಬಾಳನ್ನೇ ಕೊಟ್ಟರು. ಆದರೆ ಈ ಉದಾಹರಣೆಯನ್ನು ಎಚ್ಚರದಿಂದ ಬಳಸಬೇಕು. ಆ ಏಳು ಜನರ ತ್ಯಾಗ ಅವರದೇ ಆಯ್ಕೆಯಾಗಿತ್ತು, ಸಂಸ್ಥೆಯೂ ಅವರದೇ ಆಗಿತ್ತು. ಅವರ ಹೆಸರು ಹೇಳಿ, ಸಂಸ್ಥೆಯ ತೀರ್ಮಾನದಲ್ಲಿ ಪಾಲಿಲ್ಲದ ಗುತ್ತಿಗೆಯ ಉಪನ್ಯಾಸಕನಿಂದ ಅದೇ ತ್ಯಾಗ ಬೇಡುವುದು ಅನ್ಯಾಯ.

ಇನ್ನು ಬೋನಸ್. ಟೈಮ್ ಆಫೀಸಿನ ಬದುಕಿನಲ್ಲಿ ಅದರಷ್ಟು ಬಿಸಿಯ ವಿಷಯ ಬೇರೊಂದಿಲ್ಲ. ಈ ದೇಶದಲ್ಲಿ ಬೋನಸ್ ಹುಟ್ಟಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. 1917ರಲ್ಲಿ ಬಾಂಬೆಯ ಬಟ್ಟೆ ಗಿರಣಿಗಳು ತುಟ್ಟಿಯ ಕಾಲಕ್ಕೆಂದು ಶೇ 10ರಷ್ಟು ಯುದ್ಧ ಬೋನಸ್ ಕೊಟ್ಟವು. ಅದೇ ವರ್ಷ ಅಹಮದಾಬಾದಿನಲ್ಲಿ ಪ್ಲೇಗಿಗೆ ಹೆದರಿ ಕಾರ್ಮಿಕರು ಊರು ಬಿಡದಂತೆ ತಡೆಯಲು ಪ್ಲೇಗ್ ಬೋನಸ್ ಬಂತು. 1918ರಲ್ಲಿ ಅದನ್ನು ನಿಲ್ಲಿಸಿದಾಗ ಗಾಂಧೀಜಿ ಮುಷ್ಕರದ ಮುಂದೆ ನಿಂತು ಉಪವಾಸ ಮಾಡಿದರು. ಕೊನೆಗೆ ಪಂಚಾಯಿತಿಯಲ್ಲಿ ಶೇ 35ರ ಏರಿಕೆ ಸಿಕ್ಕಿತು. ಬಾಂಬೆಯ ಗಿರಣಿಗಳು ಬೋನಸ್ ನಿಲ್ಲಿಸಿದಾಗಲೂ 1924ರಲ್ಲಿ ದೊಡ್ಡ ಮುಷ್ಕರವಾಯಿತು. ಮಾಲೀಕರ ಕೃಪೆಯೆಂದು ಬಂದದ್ದನ್ನು ಕಾರ್ಮಿಕರು ಹಕ್ಕೆಂದು ಎಣಿಸಿದ್ದರು. ಎಂ.ಆರ್. ಮೆಹರ್ ಅಧ್ಯಕ್ಷತೆಯ ಆಯೋಗದ ಶಿಫಾರಸಿನ ಮೇಲೆ 1965ರಲ್ಲಿ ಕಾಯಿದೆಯೇ ಬಂತು.

ಆ ಕಾಯಿದೆಯಲ್ಲಿ ಮೊದಲು ಕನಿಷ್ಠ ಬೋನಸ್ ಶೇ 4. 1972ರಲ್ಲಿ ಶೇ 8.33 ಆಯಿತು. ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಇಳಿಸಿದರು, 1977ರಲ್ಲಿ ಮರಳಿ ಬಂತು. ಗರಿಷ್ಠ ಶೇ 20. ಈಗ ವೇತನ ಸಂಹಿತೆಯಲ್ಲೂ ಈ ಎರಡು ಅಂಕಿಗಳು ಹಾಗೇ ಇವೆ. 8.33 ಎಂದರೆ ಹನ್ನೆರಡರಲ್ಲಿ ಒಂದು ಪಾಲು, ಒಂದು ತಿಂಗಳ ಪಗಾರ. ನಷ್ಟವಾದರೂ ಅದನ್ನು ಕೊಡಲೇಬೇಕಾದ್ದರಿಂದ ನೌಕರ ಅದನ್ನು ದಸರಾ–ದೀಪಾವಳಿಗೆ ಬರುವ ಹದಿಮೂರನೆಯ ಪಗಾರವೆಂದೇ ಭಾವಿಸುತ್ತಾನೆ. ಆ ಹಣ ಬಟ್ಟೆಗೆ, ಹುಡುಗರ ಫೀಜಿಗೆ, ಸೊಸೈಟಿಯ ಸಾಲಕ್ಕೆ ಮೊದಲೇ ಹಂಚಿಹೋಗಿರುತ್ತದೆ. ಅದರಿಂದ ಯಾರೂ ಹೆಚ್ಚು ದುಡಿದದ್ದನ್ನು ಈ ಲೇಖಕ ಕಂಡಿಲ್ಲ. ಆದರೆ ಅದು ತಡವಾದ ವರ್ಷ ಕೆಲಸ ಕುಂಟಿದ್ದನ್ನು ಕಂಡಿದ್ದಾನೆ.

8.33 ಮತ್ತು 20ರ ನಡುವಿನ ಆ ಹನ್ನೊಂದು ಚಿಲ್ಲರೆ ಪರ್ಸೆಂಟಿನಲ್ಲಿ ನಿಜವಾದ ಪ್ರೋತ್ಸಾಹ ಇರಬೇಕಿತ್ತು. ಲಾಭದಿಂದ ಕಾನೂನು ಹೇಳಿದ್ದನ್ನು ಕಳೆದು ಉಳಿದ ಹೆಚ್ಚುವರಿಯಲ್ಲಿ ದೊಡ್ಡ ಪಾಲು ನೌಕರರಿಗೆ ಹಂಚಲು ಮೀಸಲು. ಒಳ್ಳೆಯ ವರ್ಷದ ಹೆಚ್ಚಳವನ್ನು ಕೆಟ್ಟ ವರ್ಷಕ್ಕೆ ಸಾಗಿಸುವ ವ್ಯವಸ್ಥೆಯೂ ಇದೆ. ಒಳ್ಳೆಯ ಸೂತ್ರವೇ. ಆದರೆ ಮಿಲ್ ಹೌಸಿನ ಫಿಟ್ಟರನಿಗೆ ಆ ಲೆಕ್ಕ ಯಾರೂ ಬಿಡಿಸಿ ಹೇಳುವುದಿಲ್ಲ. ಸಹಕಾರಿ ಕಾರ್ಖಾನೆಯಲ್ಲಂತೂ ಒಂದೇ ಸಕ್ಕರೆಯ ದುಡ್ಡಿನಲ್ಲಿ ಕಬ್ಬಿನ ಬಿಲ್ಲೂ, ಬೋನಸ್ಸೂ, ಬ್ಯಾಂಕಿನ ಬಡ್ಡಿಯೂ ಹೊರಡಬೇಕು. ವಾರ್ಷಿಕ ಸಭೆಯಲ್ಲಿ ಸದಸ್ಯ ರೈತ ಟನ್ನಿಗೆ ಹೆಚ್ಚು ಕೇಳುತ್ತಾನೆ, ಗೇಟ್ ಮೀಟಿಂಗಿನಲ್ಲಿ ನೌಕರ ಪರ್ಸೆಂಟ್ ಹೆಚ್ಚು ಕೇಳುತ್ತಾನೆ. ಇಬ್ಬರೂ ಅನೇಕ ಸಲ ಒಂದೇ ಮನೆಯ ಅಣ್ಣ–ತಮ್ಮಂದಿರು. ಇಬ್ಬರ ಬಾಯಲ್ಲೂ ಕೇಳಿಬರುವ ಮಾತು ಒಂದೇ: ‘ಲೆಕ್ಕಾ ತೋರಸ್ರಿ.’

ಪ್ರೋತ್ಸಾಹಧನದ ಅತಿ ಕಹಿಯಾದ ಲೆಕ್ಕ ಬಂದದ್ದು ಕಬ್ಬಿನ ಗದ್ದೆಯಿಂದಲೇ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯ ಸಮೀಕ್ಷೆಯಲ್ಲಿ, ಬೀಡ್ ಜಿಲ್ಲೆಯ ಕಬ್ಬು ಕಡಿಯುವ 82,309 ಮಹಿಳೆಯರ ಪೈಕಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡವರು. ತಿಂಗಳ ನೋವಿಗೆ ಒಂದು ದಿನ ಮಲಗಿದರೆ ಖಾಡಾ ಬೀಳುತ್ತದೆ, ಉಚಲ ಮುರಿಯುವುದಿಲ್ಲ ಎಂಬ ಭಯ ಇದಕ್ಕೆ ಒಂದು ಕಾರಣವೆಂದು ಆ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡಿದವರು ಹೇಳುತ್ತ ಬಂದಿದ್ದಾರೆ. ಆ ಜಿಲ್ಲೆಯ ಟೋಳಿಗಳು ಕೃಷ್ಣೆಯ ಈ ದಂಡೆಗೂ ಬರುತ್ತವೆ. ನಮ್ಮ ಚಹದ ಸಕ್ಕರೆಯಲ್ಲಿ ಅವರ ದುಡಿಮೆಯಿದೆ. ಮಲಗಿದ ದಿನಕ್ಕೂ ಒಂದು ಕನಿಷ್ಠ ಕೂಲಿ ಇದ್ದಿದ್ದರೆ ಈ ಅಂಕಿ ಹೀಗಿರುತ್ತಿತ್ತೇ?

ಈ ಲೇಖಕ ಟೈಮ್ ಆಫೀಸು ಬಿಟ್ಟು ವರ್ಷಗಳಾದವು. ಪ್ರೋತ್ಸಾಹಧನ ಬೇಡ ಎಂದು ಅವನು ಹೇಳಲಾರ, ಅದರ ಹುರುಪನ್ನು ಕಣ್ಣಾರೆ ಕಂಡವನು. ಆದರೆ ಮುಂದಿನ ಹಂಗಾಮಿನ ಬಾಯ್ಲರ್ ಪೂಜೆಗೆ ಮೊದಲು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಾರ್ಖಾನೆಗಳ ಆಡಳಿತದವರು ನಾಲ್ಕು ಕೆಲಸ ಮಾಡಲಿ. ಕಬ್ಬು ಕಡಿಯುವ ಜೋಡಿಗೆ ಟನ್ನಿನ ಕೂಲಿಯ ಕೆಳಗೆ ದಿನದ ಖಾತ್ರಿ ಕೂಲಿಯಿರಲಿ, ಖಾಡಾ ದಂಡ ರದ್ದಾಗಲಿ. ಬುಡಕ್ಕೆ ಕಡಿದು ರವದಿ ಚೊಕ್ಕ ಮಾಡಿದ ಟೋಳಿಗೆ ಟನ್ನಿಗೆ ಪ್ರತ್ಯೇಕ ದುಡ್ಡು ಕೊಡಲಿ, ಅದನ್ನು ಗದ್ದೆಯ ಯಜಮಾನನೂ ಟೋಳಿಯವರೂ ಕೂಡಿ ನೋಡಿ ಒಪ್ಪಲಿ. ಶಿಫ್ಟಿನ ಇನಾಮಿಗೆ ಲ್ಯಾಬಿನ ಅಂಕಿಯನ್ನೂ ಸೇರಿಸಲಿ. ಬೋನಸ್ಸಿನ ಲೆಕ್ಕವನ್ನು, ಒಟ್ಟು ಲಾಭದಿಂದ ಹಿಡಿದು ಕೊನೆಯ ಪರ್ಸೆಂಟಿನವರೆಗೆ, ಕನ್ನಡದಲ್ಲಿ ಬರೆದು ಗೇಟಿನ ಬೋರ್ಡಿಗೆ ಹಚ್ಚಲಿ. ಈ ನಾಲ್ಕಕ್ಕೆ ಹೊಸ ಕಾನೂನು ಬೇಕಿಲ್ಲ, ದಿಲ್ಲಿ–ಬೆಂಗಳೂರಿನ ಅಪ್ಪಣೆಯೂ ಬೇಕಿಲ್ಲ. ಆಡಳಿತ ಮಂಡಳಿಯ ಒಂದು ಠರಾವು ಸಾಕು.